ಅಹವಾಲು ಕೇಳಿದ ಸಾಹೇಬ

ರಸ್ತೆ ಬದಿ ಸೊಪ್ಪು ಮಾರೋ ಚೆನ್ನಾಜಮ್ಮನ ಮುಂದೆ ನಗರಸಭೆ ಸಾಹೇಬ ದಬದಬ ಬಂದು ನಿಂತ. "ಏಳಮ್ಮ! ಮಂತ್ರಿಗಳು ಬರ್ತಾರೆ, ರಸ್ತೆ ಚೆಂದ ಕಾಣ್ಬೇಕು."

"ಏಳ್ತೀನಿ ಸ್ವಾಮಿ. ಆದ್ರೆ ನಮ್ಮ ಅಹವಾಲು ಪೂರ್ತಿ ಕೇಳದೆ ಎಬ್ಬಿಸಬಾರದು ಅಂತ ಕೋರ್ಟು ಹೇಳೈತಲ್ಲ?"

ಆ ತೀರ್ಪು ಮೀರಿದರೆ ಸಾಹೇಬನ ಕೆಲಸಕ್ಕೇ ಕುತ್ತು. ಗೋಣಿಚೀಲದ ಮೇಲೆ ಕೂತು ಪೆನ್ನು ತೆಗೆದ.

ಅವಳು ಅಜ್ಜಿ ಕಾಲದಿಂದ ಶುರು ಮಾಡಿದಳು. ಮಧ್ಯಾಹ್ನ ಆಯ್ತು.

"ಮುಗೀತೇನಮ್ಮ?"

"ಎಲ್ಲಿ ಸ್ವಾಮಿ, ನಮ್ಮವ್ವ ಇನ್ನೂ ಹುಟ್ಟೇ ಇಲ್ಲ, ಬರ್ಕೊಳ್ಳಿ!"

ಅಷ್ಟರಲ್ಲಿ ಮಂತ್ರಿಯ ಕಾರು ನಿಂತಿತು. "ಆಹಾ, ಬಿಸಿಲಲ್ಲಿ ಕೂತು ಬಡವರ ಮಾತು ಕೇಳೋ ಅಧಿಕಾರಿ!" ಅಂದ ಮಂತ್ರಿಗಳು ಸಾಹೇಬನ ಪಕ್ಕದಲ್ಲೇ ಕೂತು ಫೋಟೋ ತೆಗೆಸ್ಕೊಂಡರು. ದಿನಾ ಹೀಗೇ ಕೇಳಬೇಕು ಅಂತ ಹುಕುಂ ಮಾಡಿ ಹೋದರು.

ಸಾಹೇಬನ ಮುಖ ಬಾಡಿದ ಸೊಪ್ಪಾಗಿತ್ತು.

"ನಾಳೆ ಛತ್ರಿ ತನ್ನಿ ಸ್ವಾಮಿ," ಅಂದಳು ಚೆನ್ನಾಜಮ್ಮ. "ನನ್ನದಾದ್ಮೇಲೆ ಹೂ ಮಾರೋರ ಸರದಿ, ಅವರು ನನಗಿಂತ ಮಾತುಗಾರ್ರು."