ಐಸಾಕನ ದಿಬ್ಬ

ಮುಳ್ಳೊಳ್ಳಿಯ ಎರೆಹೊಲಗಳ ನಡುವೆ ಒಂದು ದಿಬ್ಬವಿದೆ. ಮೇಲೆ ಎರಡು ಬನ್ನಿಗಿಡ, ಸುತ್ತ ಗರಿಕೆ ಹುಲ್ಲು. ಹೆಸರು ಕೇಳಿದವರು ಯಾರೋ ಪಾದ್ರಿಯನ್ನು ಹೂಳಿರಬೇಕು ಎಂದುಕೊಳ್ಳುತ್ತಾರೆ. ಹಾಗೆಂದರೆ ಊರ ಹೆಂಗಸರಿಗೆ ಸಿಟ್ಟು ಬರುತ್ತದೆ, ಬರಬೇಕಾದದ್ದೇ. ಐಸಾಕ ಪಾದ್ರಿಯಲ್ಲ, ದೊರೆಯಲ್ಲ, ಈ ಮಣ್ಣು ತುಳಿದವನೂ ಅಲ್ಲ. ಏಳು ವರ್ಷದ ಕೂಸು.

ಹಿಂದೆ ಒಮ್ಮೆ, ಕಂಪನಿಯ ಕಾಲದಲ್ಲಿ, ಹತ್ತಿ ಬೆಳೆಯುವುದನ್ನು ನಮಗೆ ಕಲಿಸುತ್ತೇನೆಂದು ಅಮೇರಿಕದಿಂದ ಒಬ್ಬ ದೊರೆ ಬಂದನಂತೆ. ಎರೆಮಣ್ಣಿನಲ್ಲೇ ಹುಟ್ಟಿ ಬೆಳೆದವರಿಗೆ ಹತ್ತಿಯ ಪಾಠ! ಇರಲಿ. ಅವನ ಸಂಗಡ ರೂತ್ ಎಂಬ ಕಪ್ಪು ಹೆಂಗಸು ಅಡುಗೆಗೆ ಬಂದಿದ್ದಳು. ಮೂರು ಸುಗ್ಗಿ ಕಳೆಯುವುದರೊಳಗೆ ನಮ್ಮ ಮಾತು ಕಲಿತು ರೂತವ್ವ ಆದಳು, ಬಿಡುವಿದ್ದಾಗ ಹತ್ತಿ ಬಿಡಿಸಲಿಕ್ಕೂ ಬರತೊಡಗಿದಳು. ಅವಳು ತನ್ನ ನಾಡಿನ ಧಾಟಿಯಲ್ಲಿ ಗುನುಗಿದ್ದನ್ನು, ಸಾಲಿನ ಮುಂದೆ ನಿಂತು ಸೊಲ್ಲು ಹೇಳುವ ಹೊಳೆವ್ವ ನಮ್ಮ ಮಾತಿಗೆ ತಂದಳು ಎನ್ನುತ್ತಾರೆ.

ಹಡೆದ ಹೊಟ್ಟೀಯ ಮುಂದ ಹಿಡಿದು ಮಾರ್‍ಯಾರ ಮಗನ
ಕಡಲಾಚೆ ಹತ್ತಿ ಹೊಲದಾಗ | ಐಸಾಕ
ನುಡಿಯೊ ನನ ಕಂದ, ಓ ಅನ್ನೊ

ಆ ದೇಶದಲ್ಲಿ ಮನುಷ್ಯರನ್ನು ಸಂತೆಯ ದನಗಳಂತೆ ಹಲ್ಲು ನೋಡಿ ಕೊಳ್ಳುತ್ತಿದ್ದರೆಂಬುದು ಮುಳ್ಳೊಳ್ಳಿಗೆ ಗೊತ್ತಾದದ್ದು ಯಾವ ಪುಸ್ತಕದಿಂದಲೂ ಅಲ್ಲ, ಈ ಹಾಡಿನಿಂದ. ಮಾರಿದವನು ಯಾರೆಂಬುದೂ ಅದರ ಮುಂದಿನ ಸೊಲ್ಲುಗಳಲ್ಲೇ ಇತ್ತು. ಹಡಗು ಹತ್ತುವ ಮೊದಲು ಹುಡುಗನನ್ನು ಮಾರಿ, ತಾಯಿಯನ್ನು ಎಳೆದುಕೊಂಡು ಬಂದವನು ಈ ದೊರೆಯೇ. ಹಾಡಿನ ಅರ್ಥ ಒಬ್ಬ ಗುಮಾಸ್ತನಿಂದ ಅವನ ಕಿವಿಗೆ ಬಿತ್ತು. ಮರುದಿನವೇ ರೂತವ್ವನನ್ನು ಬಂದರಿನ ಗಾಡಿ ಹತ್ತಿಸಿದ. ಅವಳು ಹೊಳೆವ್ವನ ಮುಂಗೈ ಹಿಡಿದು, “ಅವನ ಹೆಸರು ಬಿಡಬ್ಯಾಡವ್ವ, ಅಲ್ಲಿ ಅದನ್ನ ಕರೆಯವರು ಯಾರೂ ಉಳದಿಲ್ಲ,” ಎಂದಳಂತೆ. ಗಾಡಿ ಹೋದ ಮೇಲೂ ಆ ಹಿಡಿತ ಹೊಳೆವ್ವನ ಕೈಯಲ್ಲಿ ಉರಿಯುತ್ತಿತ್ತು.

ದೊರೆಯ ಮಾತು ಹೊತ್ತುಕೊಂಡು ಗೌಡ ಹೊಲಕ್ಕೆ ಬಂದ. “ಹಾಡಿಗೇನು ಬರ ಬಂದೈತೇನ ಹೊಳೆವ್ವ? ಬೀಸೂ ಪದ ಹಾಡ್ರಿ, ಸೋಬಾನ ಹಾಡ್ರಿ. ಅದೊಂದು ಬಿಡ್ರಿ.”

“ಗೌಡ್ರ, ಹೋದ ವರ್ಷ ನಿಮ್ಮ ಎಮ್ಮೀ ಕರಾ ಮಾರಿದ್ರಿ. ಎಮ್ಮಿ ಮೂರು ದಿನ ಒದರಿತು. ಅದರ ಬಾಯಿ ಕಟ್ಟಿದ್ರೇನು?”

“ಹೊಲ ದೊರೀದೈತಿ.”

“ಹೊಲ ಅವಂದು. ಬಾಯಿ ನಂದು.”

ಹಾಗೆಂದವಳೇ ಉಡಿಯಲ್ಲಿದ್ದ ಹತ್ತಿಯನ್ನು ಅಲ್ಲೇ ಸುರಿದು, ದಿಬ್ಬವೇರಿ ಕುಳಿತಳು. ದಿಬ್ಬ ದನ ಮೇಯುವ ಗಾಯರಾಣ, ಊರವರೆಲ್ಲರದು. ಅಲ್ಲಿಂದ ಎಬ್ಬಿಸಲು ದೊರೆಗೂ ಹಕ್ಕಿರಲಿಲ್ಲ. ಸಾಲಿನ ಹೆಂಗಸರೆಲ್ಲ ಅವಳ ಹಿಂದೆ ನಡೆದರು. ದಿನಾ ಬೆಳಗ್ಗೆ ಬಂದು, ದೊರೆಯ ಬಂಗಲೆಗೆ ಮುಖ ಮಾಡಿ, ಬಿಸಿಲು ಇಳಿಯುವವರೆಗೆ ಅದೇ ಹಾಡು. ಕೆಳಗೆ ಒಡೆದ ಹತ್ತಿ ಕಾಯಿಯಿಂದ ಜಾರಿ ನೆಲಕ್ಕೆ ಬಿತ್ತು, ಮಣ್ಣು ಹಿಡಿಯಿತು, ಗಾಳಿಗೆ ಹಾರಿತು. ಬಿಡಿಸಿದ್ದರಲ್ಲಿ ಪಾಲು ಪಡೆದು ಬದುಕುವ ಹೆಂಗಸರು ಅವರು. ಹೊಳೆವ್ವನ ಮನೆಯಲ್ಲಿ ಒಲೆ ಹೊತ್ತದ ದಿನಗಳೂ ಇದ್ದವು. ಹಸಿವು ಸಿಟ್ಟನ್ನು ತಣಿಸುತ್ತದೆ ಎನ್ನುವವರು ಹಸಿದಿರುವುದಿಲ್ಲ, ಅಷ್ಟೇ.

ಎಂಟನೆಯ ದಿನ ಗೌಡನೇ ಕೈಮುಗಿದ. “ಏನು ಕೊಟ್ರ ಇಳೀತೀ ತಾಯಿ?”

“ದೊರಿ ಇಲ್ಲಿಗೆ ಬಂದು ಆ ಹುಡುಗನ ಹೆಸರು ಒಂದು ಸಲ ಅನ್ನಲಿ.”

ದೊರೆ ಬರಲಿಲ್ಲ. ಮನುಷ್ಯನನ್ನು ಮಾರಬಲ್ಲ ಬಾಯಿಗೆ ಅವನ ಹೆಸರು ಹೇಳಲು ಬರಲಿಲ್ಲ. ಹೊಲವೆಲ್ಲ ಹಾಳಾದ ಮೇಲೆ ಗಂಟುಮೂಟೆ ಕಟ್ಟಿ ಹೊರಟುಹೋದ. ಆ ದೊರೆಯ ಹೆಸರೇನಿತ್ತೋ, ಇಂದು ಊರಲ್ಲಿ ಯಾರಿಗೂ ತಿಳಿಯದು. ಅಂದಿನಿಂದ ಇದು ಐಸಾಕನ ದಿಬ್ಬ ಎನ್ನುತ್ತಾರೆ.

ಸುಗ್ಗಿಯಲ್ಲಿ ಬಂದವರು ಈಗಲೂ ನೋಡಬಹುದು. ಯಾರ ಹೊಲವೇ ಆಗಲಿ, ಮೊದಲು ಬಿಡಿಸಿದ ಹಿಡಿ ಹತ್ತಿಯನ್ನು ಹೆಂಗಸರು ಬನ್ನಿಯ ಬುಡದಲ್ಲಿಟ್ಟು ಐಸಾಕನನ್ನು ಕೂಗಿ ಕರೆಯುತ್ತಾರೆ. ತಾವೇ “ಓ” ಎನ್ನುತ್ತಾರೆ. ಬಿಳಿಯ ರಾಶಿ ಕಂಡು ಹೊಸ ವ್ಯಾಪಾರಿ ಯಾರಾದರೂ ದರ ಕೇಳಿದರೆ, ಉತ್ತರ ಒಂದೇ: “ಇದು ಮಾರೂದಲ್ಲ.”