ನಳಿಕೆಯೊಳಗಿನ ಪಂಕ್ತಿ

“ಗುರುಗಳೇ, ಬಾಗಿಲು ತೆರೆದಿದೆ, ಒಳಗೆ ಜಾಗವೂ ಇದೆ. ಆದರೂ ಅಣುಗಳು ಒಳಗೆ ಹೋಗುತ್ತಿಲ್ಲ. ಯಾಕೆ?” ಎಂದು ಶಿಷ್ಯ ಇಂದುಧರ ಕೇಳಿದ.

ಅವನು ಹೇಳುತ್ತಿದ್ದುದು ಇಂಗಾಲದ ನಳಿಕೆಗಳ ವಿಷಯ. ಕೂದಲೆಳೆಯೂ ಅವುಗಳ ಮುಂದೆ ತೊಲೆಯಂತೆ ದಪ್ಪ. ತುದಿ ತೆರೆದ ಆ ನಳಿಕೆಗಳನ್ನು, ಅಣುಗಳನ್ನು ಕರಗಿಸಿದ ದ್ರವದಲ್ಲಿ ಮುಳುಗಿಸಿಟ್ಟರೆ, ಅಣುಗಳು ಒಳಹೊಕ್ಕು ಸಾಲಾಗಿ ಕೂರಬೇಕು. ದ್ರವವನ್ನು ಅವನೇ ಹುಡುಕಿ ಆರಿಸಿದ್ದ. ಒಂದು ಕಣವೂ ತಳದಲ್ಲಿ ಉಳಿಯದಂತೆ ಕರಗಿಸುತ್ತದೆ ಎಂಬ ಹೆಮ್ಮೆ ಬೇರೆ. ನಳಿಕೆಗಳು ಮಾತ್ರ ಖಾಲಿ. ಕಾಯಿಸಿದ, ಕಲಕಿದ, ಇನ್ನಷ್ಟು ಅಣುಗಳನ್ನು ಸುರಿದ. ಏನೂ ಆಗಲಿಲ್ಲ. ಈ ಕೆಲಸವನ್ನೇ ಬಿಟ್ಟುಬಿಡುತ್ತೇನೆಂದು ಹೇಳಲು ಬಂದಿದ್ದ.

ಗುರುಗಳು ಬೈಯುತ್ತಾರೆಂದುಕೊಂಡಿದ್ದ. ಅವರು ಕೂರಲು ಹೇಳಿ ಕತೆ ತೆಗೆದರು.

ಒಬ್ಬ ರೈತ ಮಗಳ ಮದುವೆ ಮಾಡಿದ. ಧಾರೆ ಮುಗಿಯಿತು. ಊಟಕ್ಕೆ ಎಲೆ ಹಾಕಿದ್ದು ಉದ್ದನೆಯ ಪಡಸಾಲೆಯಲ್ಲಿ. ಒಂದೇ ಪಂಕ್ತಿ ಹಿಡಿಯುವಷ್ಟು ಕಿರಿದು. ಬೀಗರು ಚಪ್ಪರದಲ್ಲಿದ್ದರು. ಹೊತ್ತು ಇಳಿಯುವ ಮೊದಲೇ ಅವರು ಹೆಣ್ಣನ್ನು ಕರೆದುಕೊಂಡು ಹೊರಡಬೇಕು. ಉಣ್ಣದೆ ಹೊರಟರೆ ರೈತ ಊರಲ್ಲಿ ತಲೆಯೆತ್ತುವ ಹಾಗಿಲ್ಲ.

ಅವನು ಕೈಮುಗಿದು ಕರೆದ. ಬಂದೆವು ಬಂದೆವು ಎಂದರು, ಏಳಲಿಲ್ಲ. ಬೀಗರ ಮುಂದೆ ಬರಿಗೈಯಲ್ಲಿ ನಿಲ್ಲಬಾರದೆಂದು, ಕರೆಯಲು ಹೋದಾಗಲೆಲ್ಲ ತಟ್ಟೆಯಲ್ಲಿ ಪಾನಕದ ಲೋಟಗಳನ್ನಿಟ್ಟು ಕೊಂಡೊಯ್ದ. ಒರಗಲು ದಿಂಬು ಕೊಟ್ಟ, ಬೀಸಲು ಜನ ನಿಲ್ಲಿಸಿದ. ಕೊನೆಗೆ ಒಬ್ಬಿಬ್ಬರನ್ನು ಕೈಹಿಡಿದು ಎಳೆದ. ಬಾಗಿಲಲ್ಲಿ ನೂಕುನುಗ್ಗಲಾಗಿ ಅವರೂ ನಗುತ್ತ ಚಪ್ಪರಕ್ಕೇ ಮರಳಿದರು.

ಇನ್ನೊಂದು ತಟ್ಟೆ ಎತ್ತಿಕೊಂಡು ಹೊರಟವನನ್ನು ಅವನ ಅಕ್ಕ ತಡೆದಳು.

“ಮರ್ಯಾದೆ ಸಾಲದು ಅಂತಾರಲ್ಲಕ್ಕ,” ಎಂದ ರೈತ.

“ಚಪ್ಪರದಲ್ಲೇ ಸ್ವರ್ಗ ಕಟ್ಟಿಟ್ಟಿದ್ದೀಯ. ಒಳಗೆ ಯಾವ ಸುಖಕ್ಕೆ ಬರ್ತಾರೋ? ತಟ್ಟೆ ಇಡು ಕೆಳಗೆ.”

ಪಾನಕ ನಿಂತಿತು. ಬೀಸಣಿಗೆ ನಿಂತಿತು. ಚಪ್ಪರದಲ್ಲಿ ಸೆಕೆಯಿದೆ ಎನ್ನುವುದು ಬೀಗರಿಗೆ ಆಗ ಗೊತ್ತಾಯಿತು. ಒಳಗಿನ ಒಗ್ಗರಣೆಯ ಘಮವೂ ಆಗಲೇ ಗೊತ್ತಾಯಿತು. ಹಿರಿಯರೊಬ್ಬರು ಮೈಮುರಿದು ಎದ್ದರು. ಅವರ ಹಿಂದೆ ಇನ್ನೊಬ್ಬರು. ಯಾರೂ ಕರೆಯಲಿಲ್ಲ, ಯಾರೂ ನೂಕಲಿಲ್ಲ. ಒಬ್ಬರ ಮಗ್ಗುಲಲ್ಲಿ ಒಬ್ಬರು ಕೂತು ಪಂಕ್ತಿ ತುದಿಯವರೆಗೂ ತುಂಬಿತು. ಒಮ್ಮೆ ಕೂತವರು ಎಲೆ ಬಿಟ್ಟು ಏಳುವ ಮಾತೇ ಇಲ್ಲ. ಬೀಗಿತ್ತಿಯಂತೂ, ಊಟಕ್ಕೆ ಇಷ್ಟು ಹೊತ್ತು ಕಾಯಿಸುವುದೇ ಎಂದು ಆಕ್ಷೇಪಣೆ ತೆಗೆದಳು. ರೈತ ಆ ಬೈಗುಳವನ್ನು ಆಶೀರ್ವಾದದಂತೆ ಕೇಳಿಸಿಕೊಂಡು ಅವಳ ಎಲೆಗೆ ಇನ್ನೊಂದು ಹೋಳಿಗೆ ಬಡಿಸಿದ.

ಇಂದುಧರ ಮನಸಾರೆ ನಕ್ಕ. ಕತೆ ಚೆನ್ನಾಗಿದೆ, ಆದರೆ ತನ್ನ ನಳಿಕೆಗಳಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳಲು ಹೊರಟವನನ್ನು ಗುರುಗಳು ತಡೆದರು.

“ನಿನ್ನ ದ್ರವ ಆ ಅಣುಗಳಿಗೆ ಬಹಳ ಉಪಚಾರ ಮಾಡುತ್ತಿದೆಯಪ್ಪ.”