ಹೆಬ್ಬಾತಿನ ಮುರಿದ ರೆಕ್ಕೆ

ಕೆರೆದಂಡೆಯಲ್ಲಿ ವಲಸೆ ಬಂದ ಹೆಬ್ಬಾತೊಂದು ರೆಕ್ಕೆ ಮುರಿದುಕೊಂಡು ಬಿದ್ದಿತ್ತು. ಮೂಳೆ ಕಟ್ಟುವ ಕೋತಿ ಬಿದಿರಿನ ಪಟ್ಟಿ ಹಿಡಿದು, ಅಲ್ಲಿ ಸೇರಿದ್ದ ಪ್ರಾಣಿಗಳ ಸಭೆಯ ಅಪ್ಪಣೆಗೆ ಕಾಯುತ್ತಿತ್ತು.

"ಚಿಕಿತ್ಸೆ ಎಲ್ಲರ ಹಕ್ಕು," ಎಂದಿತು ಕತ್ತೆ.

"ಹಾಗಂತ ಹೊರಗಿನಿಂದ ಬಂದವರಿಗೂ ನಾವೇ ಕಟ್ಟಿಸಬೇಕೋ? ಅದರ ಕುಲ ಯಾವುದು, ದೇವರು ಯಾರು, ಮೊದಲು ವಿಚಾರಿಸಿ," ಎಂದಿತು ಆನೆ.

ವಾದ ಬೆಳೆಯುತ್ತಲೇ ಹೋಯಿತು. ಹೆಬ್ಬಾತಿನ ಕಣ್ಣು ಮಾತ್ರ ನೀರಿನಾಚೆ ತನಗಾಗಿ ಕಾದಿದ್ದ ಬಳಗದ ಮೇಲೆಯೇ ಇತ್ತು. ಬಳಗ ಹುಣ್ಣಿಮೆಯಿಂದ ಹುಣ್ಣಿಮೆಯವರೆಗೆ ಕಾಯಿತು. ಬೇಸಿಗೆಯ ಬಿಸಿಲೇರಿದಾಗ ಕೂಗಿ ಕೂಗಿ ಕರೆದು, ಉತ್ತರಕ್ಕೆ ಹಾರಿಹೋಯಿತು.

ಆಮೇಲೆ ಸಭೆ ಒಪ್ಪಿತು. ಕೋತಿ ಪಟ್ಟಿ ಕಟ್ಟಿತು.

"ಈಗ ನೀನೇ ಹೇಳು, ನಮ್ಮಿಬ್ಬರಲ್ಲಿ ಯಾರ ಮಾತು ಸರಿ?" ಎಂದು ಆನೆ ಕೇಳಿತು.

ಹೆಬ್ಬಾತು ಬರಿದಾದ ಆಕಾಶವನ್ನು ನೋಡುತ್ತ ಹೇಳಿತು: "ನೀವು ಮಾತು ಶುರು ಮಾಡಿದಾಗ ನನ್ನವರು ಇಲ್ಲೇ ಇದ್ದರು, ಸ್ವಾಮಿ."